ಮೂರು ಸುತ್ತುಗಳಿಗೆ ಒಂದು ಸುತ್ತು: ಗೇರ್‌ಬಾಕ್ಸ್ ಬದಲಾದ ಹಳೆಯ ಸುಬಾರು ಕಾರೊಂದರ ಪ್ರಕರಣ

"ತಿರುವಿನಲ್ಲಿ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗಾಗುತ್ತದೆ. ಹ್ಯಾಂಡ್‌ಬ್ರೇಕ್ ಬಿಟ್ಟಿದ್ದೇನೆಯೇ ಎಂದು ದಿನಕ್ಕೆ ಹತ್ತು ಸಲ ನೋಡಿಕೊಳ್ಳುತ್ತೇನೆ." ಕಾರನ್ನು ನನ್ನ ಬಳಿ ತಂದ ಮಾಲೀಕರು ಹೇಳಿದ ಮೊದಲ ಮಾತು ಇದು. ಕಾರು 1998ರ ಸುಬಾರು ಲೆಗಸಿ ವ್ಯಾಗನ್, 2.5 ಲೀಟರಿನ ಎಂಜಿನ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೊರಟರೆ ಕಾರು ಮುಗ್ಗರಿಸುತ್ತಿತ್ತು. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ಕೆಳಗಿನಿಂದ ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು. ಹಾಕಿ ಒಂದು ವರ್ಷವೂ ಆಗದ ಟೈರುಗಳ ಮೇಲ್ಮೈ ಗರಗಸದ ಹಲ್ಲಿನಂತೆ ಒಂದು ಕಡೆಗೆ ಎದ್ದು ನಿಂತಿತ್ತು. ಅಂಗೈಯನ್ನು ಒಂದು ದಿಕ್ಕಿಗೆ ಸವರಿದರೆ ನುಣುಪು, ಇನ್ನೊಂದು ದಿಕ್ಕಿಗೆ ಸವರಿದರೆ ಚುಚ್ಚುತ್ತಿತ್ತು.

ಈ ತೊಂದರೆಗೆ ಅದಾಗಲೇ ಮೂರು ಸಲ ರಿಪೇರಿ ನಡೆದಿತ್ತು. ಮೊದಲು ನಾಲ್ಕೂ ಟೈರು ಬದಲಾದವು. ಆಮೇಲೆ ಮುಂದಿನ ಎರಡು ಆಕ್ಸಲ್‌ಗಳು. ಕೊನೆಗೆ ಗೇರ್‌ಬಾಕ್ಸಿನ ಹಿಂಭಾಗವನ್ನು ಬಿಚ್ಚಿ, ನಡುವಿನ ಡಿಫರೆನ್ಷಿಯಲ್ಲನ್ನು (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಗೇರುಗಳ ಗುಂಪು) ಅದರೊಳಗಿನ ವಿಸ್ಕಸ್ ಕಪ್ಲಿಂಗ್ (ಎರಡು ಕಡೆಯ ವೇಗವನ್ನು ದ್ರವದಿಂದ ಹೊಂದಿಸುವ ಡಬ್ಬಿ) ಸಮೇತ ತೆಗೆದು, ಗುಜರಿಗೆ ಬಂದ ಇನ್ನೊಂದು ಕಾರಿನದನ್ನು ಹಾಕಿದ್ದರು. ಹಾಗೆ ಹಾಕಿದ ಮೇಲೆ ಕೆಲವು ವಾರ ಕಾರು ಚೆನ್ನಾಗಿಯೇ ಓಡಿತಂತೆ. ಆಮೇಲೆ ಮತ್ತೆ ಅದೇ ಕತೆ.

ಮಾಲೀಕರು ಮಾತಿನ ಮಧ್ಯೆ, ಅಷ್ಟೇನೂ ಮುಖ್ಯವಲ್ಲ ಎನ್ನುವಂತೆ ಒಂದು ಸಂಗತಿ ಹೇಳಿದರು. ಕಾರ್ಖಾನೆಯಿಂದ ಬರುವಾಗ ಈ ಕಾರು ಆಟೋಮ್ಯಾಟಿಕ್ ಆಗಿತ್ತು. ಹಿಂದಿನ ಮಾಲೀಕರ ಕಾಲದಲ್ಲಿ ಆ ಗೇರ್‌ಬಾಕ್ಸ್ ಕೆಟ್ಟು, ಅದೇ ಕಾಲದ ಒಂದು ಇಂಪ್ರೆಜಾದ ಐದು ಗೇರಿನ ಮ್ಯಾನುಯಲ್ ಬಾಕ್ಸ್ ಕೂರಿಸಲಾಗಿತ್ತು. ನಾನು ಅಲ್ಲೇ ನಿಂತು ಎರಡನೆಯ ಪ್ರಶ್ನೆ ಕೇಳಬೇಕಿತ್ತು: ಗೇರ್‌ಬಾಕ್ಸಿನ ಜೊತೆಗೆ ಇನ್ನೇನೇನು ಬದಲಾಯಿತು? ಆ ದಿನ ಕೇಳಲಿಲ್ಲ. ಅದರಿಂದ ಎರಡು ದಿನ ವ್ಯರ್ಥವಾಯಿತು.

ಏಕೆ ಎಲ್ಲವೂ ಎಲ್ಲಕ್ಕೂ ಕೂರುತ್ತದೆ

ಹಳೆಯ ಸುಬಾರು ಕಾರುಗಳನ್ನು ಪ್ರೀತಿಸುವವರು ಅವುಗಳನ್ನು ಪ್ರೀತಿಸಲು ದೊಡ್ಡ ಕಾರಣವೇ ಭಾಗಗಳ ಈ ಹೊಂದಾಣಿಕೆ. 1966ರ ಸುಬಾರು 1000 ಕಾರಿನಿಂದಲೇ ಕಂಪನಿ ಒಂದು ವಿನ್ಯಾಸವನ್ನು ಹಿಡಿದುಕೊಂಡು ಬಂದಿದೆ: ಸಿಲಿಂಡರುಗಳು ಎಡಕ್ಕೆರಡು ಬಲಕ್ಕೆರಡು ಮಲಗಿರುವ ಬಾಕ್ಸರ್ ಎಂಜಿನ್ ಮೂತಿಯಲ್ಲಿ, ಅದರ ಬೆನ್ನಿಗೇ ಉದ್ದಕ್ಕೆ ಗೇರ್‌ಬಾಕ್ಸ್. 1972ರಲ್ಲಿ ಲಿಯೋನ್ ವ್ಯಾಗನ್ನಿಗೆ ನಾಲ್ಕು ಚಕ್ರದ ಚಾಲನೆ ಬಂದಾಗ, ಗೇರ್‌ಬಾಕ್ಸಿನ ಬಾಲದಿಂದ ಒಂದು ಶಾಫ್ಟ್ ಹಿಂದಕ್ಕೆ ಓಡಿತು, ಅಷ್ಟೇ. 1989ರಲ್ಲಿ ಲೆಗಸಿಯೊಂದಿಗೆ ಇಜೆ ಸರಣಿಯ ಎಂಜಿನ್ ಬಂತು. 1992ರ ಇಂಪ್ರೆಜಾ, 1997ರ ಫಾರೆಸ್ಟರ್ ಎಲ್ಲವೂ ಅದೇ ಮನೆಯ ಮಕ್ಕಳು.

ಇದರ ಫಲವೇನೆಂದರೆ 1994 ಸಿಸಿಯ ಇಜೆ20, 2212 ಸಿಸಿಯ ಇಜೆ22, 2457 ಸಿಸಿಯ ಇಜೆ25 ಮೂರೂ ಒಂದೇ ಗೇರ್‌ಬಾಕ್ಸಿನ ಮುಖಕ್ಕೆ ಬಂದು ಸೇರುತ್ತವೆ. ಹಳೆಯವುಗಳಲ್ಲಿ ಜೋಡಣೆಗೆ ನಾಲ್ಕು ಬೋಲ್ಟ್, ನಂತರದವುಗಳಲ್ಲಿ ಎಂಟು, ಆದರೂ ಸೇರುತ್ತವೆ. ಇಂಪ್ರೆಜಾ ಟರ್ಬೊದ ನಾಲ್ಕು ಪಿಸ್ಟನ್ನಿನ ಬ್ರೇಕ್ ಕ್ಯಾಲಿಪರ್ ಲೆಗಸಿಯ ಮುಂದಿನ ಚಕ್ರಕ್ಕೆ ಕೂರುತ್ತದೆ. ಸೀಟು, ಸಸ್ಪೆನ್ಷನ್, ಸ್ಟಿಯರಿಂಗ್ ಬಾಕ್ಸ್ ಎಲ್ಲವೂ ಮನೆಯಿಂದ ಮನೆಗೆ ಹೋಗುತ್ತವೆ. ಗುಜರಿ ಅಂಗಳದಲ್ಲಿ ಒಂದು ಹಳೆಯ ಲೆಗಸಿ ಕಂಡರೆ ಅದು ಹತ್ತು ಕಾರುಗಳಿಗೆ ಜೀವ ಕೊಡಬಲ್ಲದು. ನನಗೆ ಈ ಗುಣ ನಿಜವಾಗಿಯೂ ದೊಡ್ಡದೆನಿಸುತ್ತದೆ. ಇಪ್ಪತ್ತೈದು ವರ್ಷ ದಾಟಿದ ಕಾರು ಇಂದಿಗೂ ರಸ್ತೆಯ ಮೇಲಿದ್ದರೆ ಅದಕ್ಕೆ ಈ ಗುಣವೇ ಕಾರಣ.

ಆದರೆ ಕೂರುವುದು ಬೇರೆ, ಹೊಂದುವುದು ಬೇರೆ. ಒಂದು ಉದಾಹರಣೆ ಕೊಡುತ್ತೇನೆ. 1996ರವರೆಗಿನ ಇಜೆ22 ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ತುಂಡಾದರೆ ವಾಲ್ವುಗಳಿಗೆ ಪಿಸ್ಟನ್ ತಗಲುವುದಿಲ್ಲ. ಹೊಸ ಬೆಲ್ಟ್ ಹಾಕಿ ಮನೆಗೆ ಹೋಗಬಹುದು. 1997ರದರಲ್ಲಿ ತಗಲುತ್ತದೆ, ವಾಲ್ವುಗಳು ಬಾಗುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತವೆ, ಎರಡೂ ಅದೇ ಬೋಲ್ಟುಗಳಿಗೆ ಕೂರುತ್ತವೆ. ಬೋಲ್ಟಿಗೆ ಒಳಗಿನ ಸಂಗತಿ ಗೊತ್ತಿಲ್ಲ. ನಮ್ಮ ವ್ಯಾಗನ್ನಿನ ರೋಗವೂ ಇದೇ ಜಾತಿಯದು.

ಜಾಕ್ ಏರಿದಾಗ

ಮೊದಲ ದಿನ ಕಾರನ್ನು ಓಡಿಸಿ ನೋಡಿದೆ. ನೇರ ರಸ್ತೆಯಲ್ಲೂ ಆಕ್ಸಿಲರೇಟರ್ ಬಿಟ್ಟೊಡನೆ ವೇಗ ಬೇಗ ಇಳಿಯುತ್ತಿತ್ತು. ಹಿಂದಿರುಗಿ ಬಂದು, ಗೇರನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂದಿನ ಎಡ ಚಕ್ರದ ಕೆಳಗೆ ಜಾಕ್ ಇಟ್ಟೆ. ಟೈರು ನೆಲದಿಂದ ಬೆರಳಗಲ ಮೇಲೆದ್ದ ಕ್ಷಣ, ಯಾರೂ ಮುಟ್ಟದೆ, ಚಕ್ರ ಟಕ್ಕೆಂದು ಸುಮಾರು ಕಾಲು ಸುತ್ತು ತಾನಾಗಿಯೇ ತಿರುಗಿ ನಿಂತಿತು. ನನ್ನೊಂದಿಗೆ ಕೆಲಸ ಕಲಿಯುತ್ತಿರುವ ಹುಡುಗ ಗಾಬರಿಯಿಂದ ಹಿಂದೆ ಸರಿದ.

"ಅಣ್ಣಾ, ಗೇರಿನಲ್ಲಿದೆಯೇ?"

"ಇಲ್ಲ. ನೀನೇ ನೋಡು."

ಗೇರಿನಲ್ಲಿರಲಿಲ್ಲ. ಮುಂದಿನ ಚಕ್ರಗಳಿಗೂ ಹಿಂದಿನ ಚಕ್ರಗಳಿಗೂ ನಡುವಿನ ಶಾಫ್ಟುಗಳು ಹಿಂಡಿದ ಬಟ್ಟೆಯಂತೆ ಮುರಿ ಹಾಕಿಕೊಂಡು ನಿಂತಿದ್ದವು. ಚಕ್ರ ನೆಲ ಬಿಟ್ಟಾಗ ಆ ಮುರಿ ಬಿಚ್ಚಿಕೊಂಡಿತು. ಬಿಗಿ ತಿರುವು ತೆಗೆದುಕೊಂಡ ಕಾರಿನಲ್ಲಿ ಇಷ್ಟು ಮುರಿ ಇರುವುದುಂಟು. ಆದರೆ ನಾನು ಕಾರನ್ನು ನಿಲ್ಲಿಸುವ ಮೊದಲು ನೂರಾರು ಮೀಟರ್ ನೇರವಾಗಿ ಬಂದಿದ್ದೆ. ನೇರವಾಗಿ ಬಂದ ಕಾರಿನಲ್ಲಿ ಇಷ್ಟು ಮುರಿ ಇರಕೂಡದು. ಉತ್ತರ ಆಗಲೇ ಕಣ್ಣೆದುರಿಗಿತ್ತು, ನನಗೆ ಅದು ಕಾಣಲಿಲ್ಲ. ಯಾರೇ ಈ ಲಕ್ಷಣಗಳನ್ನು ಕಂಡರೂ ಮೊದಲು ಹೇಳುವುದನ್ನೇ ನಾನೂ ಹೇಳಿದೆ: ವಿಸ್ಕಸ್ ಕಪ್ಲಿಂಗ್ ಮತ್ತೆ ಹೋಗಿದೆ.

ಈ ಕಪ್ಲಿಂಗಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಪವಾದ ಬರುವುದೆಲ್ಲ ಅದರ ತಲೆಗೆ. ಆ ಕಾಲದ ಸುಬಾರು ಮ್ಯಾನುಯಲ್ ಕಾರುಗಳಲ್ಲಿ ಗೇರ್‌ಬಾಕ್ಸಿನ ಬಾಲದಲ್ಲಿ ನಡುವಿನ ಡಿಫರೆನ್ಷಿಯಲ್ ಇರುತ್ತದೆ. ಎಂಜಿನ್ನಿನ ಬಲವನ್ನು ಅದು ಮುಂದಕ್ಕೂ ಹಿಂದಕ್ಕೂ ಸಮನಾಗಿ ಹಂಚುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಆ ವ್ಯತ್ಯಾಸಕ್ಕೆ ಜಾಗ ಕೊಡುವುದು ಈ ಡಿಫರೆನ್ಷಿಯಲ್ಲಿನ ಕೆಲಸ. ಅದಕ್ಕೆ ಜೊತೆಯಾಗಿ ಒಂದು ಮುಚ್ಚಿದ ಡಬ್ಬಿ, ಅದರೊಳಗೆ ರಂಧ್ರಗಳಿರುವ ತೆಳು ಬಿಲ್ಲೆಗಳು ಸಾಲಾಗಿ ನಿಂತಿರುತ್ತವೆ; ಒಂದು ಬಿಟ್ಟು ಒಂದು ಮುಂದಿನ ಕಡೆಗೆ, ಉಳಿದವು ಹಿಂದಿನ ಕಡೆಗೆ ಸೇರಿದವು. ನಡುವೆ ದಪ್ಪ ಸಿಲಿಕೋನ್ ದ್ರವ. ಎರಡು ಕಡೆಯ ವೇಗ ಹೆಚ್ಚು ಕಡಿಮೆಯಾದಾಗ ದ್ರವ ಬಿಲ್ಲೆಗಳನ್ನು ತಡೆದು ಎರಡನ್ನೂ ಒಟ್ಟಿಗೆ ತರಲು ನೋಡುತ್ತದೆ. ಚಕ್ರವೊಂದು ಕೆಸರಿನಲ್ಲಿ ಜಾರಿದಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ವ್ಯತ್ಯಾಸ ಬಿಡುವಿಲ್ಲದೆ ಇದ್ದರೆ ದ್ರವ ಕಾಯುತ್ತದೆ, ಉಬ್ಬುತ್ತದೆ, ಡಬ್ಬಿಯೊಳಗೆ ಒತ್ತಡ ಏರುತ್ತದೆ, ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಕೊನೆಗೆ ಡಬ್ಬಿ ಒಂದೇ ಗಟ್ಟಿ ಉಂಡೆಯಾಗುತ್ತದೆ. ಅಲ್ಲಿಂದ ಮುಂದೆ ಕಾರಿಗೆ ನಡುವಿನ ಡಿಫರೆನ್ಷಿಯಲ್ ಇದ್ದೂ ಇಲ್ಲದಂತೆ.

ಹಾಗಾಗಿ ಎರಡನೆಯ ದಿನವಿಡೀ ನಾನು ಟೈರುಗಳ ಸುತ್ತಳತೆ ನೋಡಿದೆ. ಇಂಥ ಕಾರುಗಳಲ್ಲಿ ನಾಲ್ಕೂ ಟೈರುಗಳ ಸುತ್ತಳತೆ ಕಾಲು ಇಂಚಿನೊಳಗೆ, ಎಂದರೆ ಸುಮಾರು 6 ಮಿಲಿಮೀಟರಿನೊಳಗೆ ಹೊಂದಿರಬೇಕು ಎಂಬುದು ಸುಬಾರುವಿನದೇ ಸೂಚನೆ. ಒಂದು ಟೈರು ಸವೆದಿದ್ದು ಇನ್ನೊಂದು ಹೊಸದಾಗಿದ್ದರೆ ಅಷ್ಟರಿಂದಲೇ ಕಪ್ಲಿಂಗ್ ಸಾಯಬಹುದು. ಹೊಲಿಗೆಯವರ ಟೇಪನ್ನು ಟೈರಿನ ನಡುಗೆರೆಗೆ ಸುತ್ತಿ ನಾಲ್ಕನ್ನೂ ಅಳೆದೆ. 195/60 ಆರ್15 ಅಳತೆಯ ಟೈರುಗಳು. ಸುತ್ತಳತೆ ಸುಮಾರು 1.93 ಮೀಟರ್. ನಾಲ್ಕರ ನಡುವಿನ ಅತಿ ದೊಡ್ಡ ವ್ಯತ್ಯಾಸ 3 ಮಿಲಿಮೀಟರ್. ಟೈರುಗಳದ್ದು ತಪ್ಪಿಲ್ಲ.

ಹಾಗಾದರೆ ಹೊಸದಾಗಿ ಹಾಕಿದ ಕಪ್ಲಿಂಗ್ ಕೆಲವೇ ವಾರಗಳಲ್ಲಿ ಸಾಯಲು ಕಾರಣವೇನು? ಬಳಸಿದ ಮಾಲು, ಮೊದಲೇ ದುರ್ಬಲವಾಗಿತ್ತು ಎಂದು ಹೇಳಿ ಇನ್ನೊಂದನ್ನು ಹಾಕುವುದು ಸುಲಭವಿತ್ತು. ಒಂದು ಭಾಗ ಎರಡು ಸಲ ಒಂದೇ ರೀತಿಯಲ್ಲಿ ಸತ್ತರೆ ನಾನು ಆ ಭಾಗವನ್ನು ಅನುಮಾನಿಸುವುದನ್ನು ಬಿಡುತ್ತೇನೆ. ಆ ರಾತ್ರಿ ನನಗೆ ಕೇಳದೆ ಬಿಟ್ಟ ಪ್ರಶ್ನೆ ನೆನಪಾಯಿತು.

ಎಣಿಕೆ

ನಾಲ್ಕು ಚಕ್ರದ ಚಾಲನೆಯ ಸುಬಾರುವಿನಲ್ಲಿ ಕ್ರೌನ್ ಮತ್ತು ಪಿನಿಯನ್ ಎರಡು ಕಡೆ ಇರುತ್ತವೆ: ಶಾಫ್ಟಿನ ತುದಿಯ ಚಿಕ್ಕ ಗೇರು ಪಿನಿಯನ್, ಅದರೊಂದಿಗೆ ಹಲ್ಲು ಸೇರಿಸಿ ಚಕ್ರಗಳ ಕಡೆಗೆ ಬಲ ಒಯ್ಯುವ ದೊಡ್ಡ ಗೇರು ಕ್ರೌನ್. ಮುಂದಿನ ಜೋಡಿ ಗೇರ್‌ಬಾಕ್ಸಿನ ಹೊಟ್ಟೆಯೊಳಗೇ ಇದೆ. ಹಿಂದಿನ ಜೋಡಿ ಕಾರಿನ ಹಿಂಭಾಗದಲ್ಲಿ ಬೇರೆಯೇ ಹೌಸಿಂಗಿನಲ್ಲಿದೆ, ಎಂದರೆ ಲೋಹದ ಗೂಡಿನಲ್ಲಿ. ಈ ಕಾರುಗಳಲ್ಲಿ ಬಹುಪಾಲು ಆರ್160 ಎಂಬ ಹೌಸಿಂಗ್, ಹೆಸರಿನಲ್ಲಿರುವ 160 ಎಂದರೆ ಕ್ರೌನ್ ಗೇರಿನ ಮಿಲಿಮೀಟರ್ ಅಳತೆ. ಎರಡೂ ಜೋಡಿಗಳ ಅನುಪಾತ, ಎಂದರೆ ಕ್ರೌನ್ ಒಂದು ಸುತ್ತು ಹೋಗಲು ಪಿನಿಯನ್ ಎಷ್ಟು ಸುತ್ತು ಹೋಗಬೇಕೆಂಬ ಸಂಖ್ಯೆ, ಒಂದೇ ಆಗಿರಬೇಕು. ಕಾರ್ಖಾನೆಯಲ್ಲಿ ಹಾಗೇ ಇರುತ್ತದೆ. ಆದರೆ ಯಾವ ಅನುಪಾತ ಎಂಬುದು ಮಾದರಿಯಿಂದ ಮಾದರಿಗೆ ಬೇರೆ: 3.70, 3.90, 4.11, 4.44 ಇವು ಹೆಚ್ಚಾಗಿ ಕಾಣುವವು. ಒಂದೇ ಹೆಸರಿನ, ಒಂದೇ ವರ್ಷದ ಕಾರಿನಲ್ಲಿಯೇ ಆಟೋಮ್ಯಾಟಿಕ್‌ಗೆ ಒಂದು, ಮ್ಯಾನುಯಲ್‌ಗೆ ಇನ್ನೊಂದು ಇರುವುದು ಸಾಮಾನ್ಯ. ಹೌಸಿಂಗಿನ ಹೊರಗೆ ನಿಂತು ನೋಡಿದರೆ ಎಲ್ಲವೂ ಒಂದೇ.

ಗೇರ್‌ಬಾಕ್ಸಿನ ಮೇಲೆ ಟಿವೈ ಎಂದು ಶುರುವಾಗುವ ಒಂದು ಸಂಕೇತ ಇರುತ್ತದೆ, ಆಟೋಮ್ಯಾಟಿಕ್‌ಗಳಲ್ಲಿ ಸಾಮಾನ್ಯವಾಗಿ ಟಿಜೆಡ್ ಎಂದು. ಅದನ್ನು ಪಟ್ಟಿಯಲ್ಲಿ ಹುಡುಕಿ ಅನುಪಾತ ತಿಳಿಯಬಹುದು. ಈ ಕಾರಿನಲ್ಲಿ ಆ ಚೀಟಿ ಎಣ್ಣೆ ಕುಡಿದು ಮಾಸಿಹೋಗಿತ್ತು. ಚೀಟಿ ಇದ್ದಿದ್ದರೂ ನಾನು ಎಣಿಸದೆ ಬಿಡುತ್ತಿರಲಿಲ್ಲ, ಒಳಗಿನ ಹಲ್ಲುಗಳನ್ನು ಯಾರಾದರೂ ಬದಲಾಯಿಸಿರಬಹುದಲ್ಲ.

ಹಿಂದಕ್ಕೆ ಬಲ ಒಯ್ಯುವ ಉದ್ದ ಪ್ರೊಪೆಲ್ಲರ್ ಶಾಫ್ಟನ್ನು ಹಿಂದಿನ ಹೌಸಿಂಗಿನ ಬಳಿ ಇರುವ ನಾಲ್ಕು ಬೋಲ್ಟುಗಳಿಂದ ಬಿಡಿಸಿ ಪಕ್ಕಕ್ಕೆ ಕಟ್ಟಿದೆವು. ಅದರ ಮುಂದಿನ ತುದಿಯನ್ನು ಗೇರ್‌ಬಾಕ್ಸಿನಿಂದ ಎಳೆಯಲಿಲ್ಲ. ಎಳೆದರೆ ಬಾಲದಿಂದ ಎಣ್ಣೆ ಸುರಿಯುತ್ತದೆ. ಹಿಂದಿನ ಒಂದು ಚಕ್ರವನ್ನು ಮಾತ್ರ ಎತ್ತಿದೆವು, ಇನ್ನೊಂದು ನೆಲದ ಮೇಲೆಯೇ ಇತ್ತು. ಪಿನಿಯನ್ನಿನ ಫ್ಲ್ಯಾಂಜಿನ (ಶಾಫ್ಟನ್ನು ಬೋಲ್ಟ್ ಮಾಡುವ ತಟ್ಟೆಯ) ಮೇಲೆ ಸೀಮೆಸುಣ್ಣದ ಒಂದು ಗೀಟು, ಅದಕ್ಕೆ ಎದುರಾಗಿ ಹೌಸಿಂಗಿನ ಮೇಲೆ ಒಂದು ಗೀಟು, ಟೈರಿನ ಮೇಲೆ ಒಂದು ಗೀಟು.

ಸಾಧಾರಣ ಡಿಫರೆನ್ಷಿಯಲ್ಲಿನಲ್ಲಿ ಒಂದು ಚಕ್ರ ನಿಂತಿದ್ದರೆ ಇನ್ನೊಂದು ಎರಡು ಸುತ್ತು ಸುತ್ತಿದಾಗ ಕ್ರೌನ್ ಒಂದು ಸುತ್ತು ಸುತ್ತುತ್ತದೆ. ನಾನು ಚಕ್ರವನ್ನು ನಿಧಾನವಾಗಿ 18 ಸುತ್ತು ತಿರುಗಿಸಿದೆ, ಎಂದರೆ ಕ್ರೌನ್ 9 ಸುತ್ತು. ಹುಡುಗ ಕಾರಿನ ಕೆಳಗೆ ಮಲಗಿ ಫ್ಲ್ಯಾಂಜಿನ ಗೀಟು ಹಾದುಹೋದಾಗಲೆಲ್ಲ ಎಣಿಸುತ್ತಿದ್ದ. 9 ಸುತ್ತನ್ನೇ ಆರಿಸಿದ್ದಕ್ಕೆ ಕಾರಣವಿದೆ: 4.44 ಎಂದರೆ 40 ಹಲ್ಲಿನ ಕ್ರೌನಿಗೆ 9 ಹಲ್ಲಿನ ಪಿನಿಯನ್, 4.11 ಎಂದರೆ 37 ಹಲ್ಲಿಗೆ 9. ಕ್ರೌನ್ 9 ಸುತ್ತು ಹೋದರೆ ಪಿನಿಯನ್ನಿನ ಎಣಿಕೆ ನೇರವಾಗಿ ಕ್ರೌನಿನ ಹಲ್ಲುಗಳ ಸಂಖ್ಯೆಯನ್ನೇ ಹೇಳುತ್ತದೆ, ದಶಮಾಂಶದ ಗೊಡವೆ ಇಲ್ಲ.

"ನಲವತ್ತು, ಅಣ್ಣಾ. ಗೀಟಿಗೆ ಗೀಟು ಸರಿಯಾಗಿ ಬಂದು ನಿಂತಿದೆ."

ಈಗ ಮುಂದಿನದು. ಗೇರ್‌ಬಾಕ್ಸ್ ಬಿಚ್ಚದೆ ಮುಂದಿನ ಕ್ರೌನನ್ನು ಎಣಿಸುವುದು ಸಾಮಾನ್ಯವಾಗಿ ಕಷ್ಟ, ಏಕೆಂದರೆ ಮುಂದಿನ ಚಕ್ರಕ್ಕೂ ಬಾಲದ ಶಾಫ್ಟಿಗೂ ನಡುವೆ ಡಿಫರೆನ್ಷಿಯಲ್ ಇದೆ. ಇಲ್ಲಿ ಸತ್ತ ಕಪ್ಲಿಂಗೇ ನೆರವಿಗೆ ಬಂತು. ಗೇರು ನ್ಯೂಟ್ರಲ್‌ನಲ್ಲಿತ್ತು. ಕಟ್ಟಿದ್ದ ಪ್ರೊಪೆಲ್ಲರ್ ಶಾಫ್ಟನ್ನು ಬಿಡಿಸಿ ಬಿಗಿಯಾಗಿ ಹಿಡಿದುಕೊಳ್ಳುವಂತೆ ಹುಡುಗನಿಗೆ ಹೇಳಿ, ಎತ್ತಿದ ಮುಂದಿನ ಚಕ್ರವನ್ನು ತಿರುಗಿಸಲು ನೋಡಿದೆ. ಚಕ್ರ ಅಲುಗಲಿಲ್ಲ. ಸರಿಯಿದ್ದ ಕಪ್ಲಿಂಗ್ ಆಗಿದ್ದರೆ ತಡೆಯುತ್ತಲೇ ನಿಧಾನವಾಗಿ ಬಿಟ್ಟುಕೊಡಬೇಕಿತ್ತು. ಮುಂದೆ ಹಿಂದೆ ಎರಡೂ ಒಂದೇ ಉಂಡೆ. ಹಾಗಿದ್ದ ಮೇಲೆ ಮುಂದಿನ ಪಿನಿಯನ್ ಎಷ್ಟು ಸುತ್ತುತ್ತದೆಯೋ ಬಾಲದ ಶಾಫ್ಟೂ ಅಷ್ಟೇ ಸುತ್ತುತ್ತದೆ. ಶಾಫ್ಟಿನ ಮೇಲೆ ಗೀಟು ಹಾಕಿ, ಮುಂದಿನ ಚಕ್ರವನ್ನು 18 ಸುತ್ತು ತಿರುಗಿಸಿದೆ.

ಹುಡುಗ ಕೆಳಗಿನಿಂದ ಕೂಗಿದ್ದು ಮೂವತ್ತೇಳು. ಎಲ್ಲೋ ತಪ್ಪಿದೆನೇನೋ ಎಂದು ಅವನೇ ಇನ್ನೊಮ್ಮೆ ಎಣಿಸೋಣ ಎಂದ. ಎಣಿಸಿದೆವು. ಮತ್ತೆ ಮೂವತ್ತೇಳು.

ಮೂರು ಹಲ್ಲಿನ ಲೆಕ್ಕ

ಆಟೋಮ್ಯಾಟಿಕ್ ಕಾಲದ 4.44ರ ಹಿಂದಿನ ಹೌಸಿಂಗ್ ಹಾಗೆಯೇ ಉಳಿದಿತ್ತು. ಬಂದ ಮ್ಯಾನುಯಲ್ ಗೇರ್‌ಬಾಕ್ಸ್ 4.11ರದು. 40ಕ್ಕೂ 37ಕ್ಕೂ ಮೂರೇ ಹಲ್ಲಿನ ವ್ಯತ್ಯಾಸ. ಕಾಗದದ ಮೇಲೆ ಇದು ಚಿಕ್ಕದಾಗಿ ಕಾಣುತ್ತದೆ, ಹಾಗಾಗಿ ಮಾಲೀಕರ ಎದುರಿಗೆ ಕುಳಿತು ಲೆಕ್ಕ ಬಿಡಿಸಿ ತೋರಿಸಿದೆ.

ನಾಲ್ಕೂ ಚಕ್ರ ಒಂದು ಸುತ್ತು ಉರುಳಿದರೆ ಮುಂದಿನ ಪಿನಿಯನ್ 37/9 ಸುತ್ತು, ಹಿಂದಿನ ಪಿನಿಯನ್ 40/9 ಸುತ್ತು ತಿರುಗಬೇಕು. ವ್ಯತ್ಯಾಸ 3/9, ಎಂದರೆ ಒಂದು ಸುತ್ತಿನ ಮೂರನೆಯ ಒಂದು ಭಾಗ. ಚಕ್ರ ಮೂರು ಸುತ್ತು ಉರುಳುವಷ್ಟರಲ್ಲಿ, ಆರು ಮೀಟರು ಕೂಡ ಸಾಗುವ ಮೊದಲು, ಮುಂಭಾಗಕ್ಕೂ ಹಿಂಭಾಗಕ್ಕೂ ಒಂದು ಪೂರ್ತಿ ಸುತ್ತಿನ ಜಗಳ. ಒಂದು ಕಿಲೋಮೀಟರಿನಲ್ಲಿ ಚಕ್ರ ಸುಮಾರು 518 ಸುತ್ತು ಉರುಳುತ್ತದೆ. ಜಗಳ ಸುಮಾರು 173 ಸುತ್ತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಪ್ಲಿಂಗಿನ ಬಿಲ್ಲೆಗಳು ಒಂದರ ಮೇಲೊಂದು ನಿಮಿಷಕ್ಕೆ ಸುಮಾರು 230 ಸುತ್ತು ಉಜ್ಜುತ್ತವೆ, ನೇರ ರಸ್ತೆಯಲ್ಲಿ, ಒಣ ನೆಲದಲ್ಲಿ, ಒಂದು ಕ್ಷಣವೂ ಬಿಡದೆ.

ಟೈರಿನ ಭಾಷೆಯಲ್ಲಿ ಹೇಳುವುದಾದರೆ, ಸುತ್ತಳತೆಯಲ್ಲಿ 6 ಮಿಲಿಮೀಟರ್ ಮೀರಬಾರದು ಎಂದು ಎಚ್ಚರಿಸುವ ಕಾರಿನಲ್ಲಿ ಈ ಮೂರು ಹಲ್ಲುಗಳು ಸುಮಾರು 156 ಮಿಲಿಮೀಟರಿನ ವ್ಯತ್ಯಾಸಕ್ಕೆ ಸಮ. ಮಾಲೀಕರು ಟೇಪನ್ನು ಕೈಗೆ ತೆಗೆದುಕೊಂಡು 156ರ ಗೆರೆಯವರೆಗೆ ಎಳೆದು ಸುಮ್ಮನೆ ನೋಡುತ್ತ ಕುಳಿತರು.

ಇನ್ನೆಲ್ಲ ಲಕ್ಷಣಗಳೂ ಇದರಿಂದಲೇ ಬಿಡಿಸಿಕೊಂಡವು. ಕಪ್ಲಿಂಗ್ ಜೀವಂತವಾಗಿದ್ದಷ್ಟು ದಿನ ಜಗಳವನ್ನೆಲ್ಲ ತಾನೇ ನುಂಗಿಕೊಂಡು ಬಿಸಿಯಾಯಿತು. ಅದಕ್ಕೇ ಎಣ್ಣೆ ಸುಟ್ಟ ವಾಸನೆ, ಅದಕ್ಕೇ ಹೊಸದನ್ನು ಹಾಕಿದ ಮೇಲೆ ಕೆಲವು ವಾರದ ನೆಮ್ಮದಿ. ಅದು ಗಟ್ಟಿಯಾದ ಮೇಲೆ ಜಗಳ ಟೈರುಗಳಿಗೆ ಇಳಿಯಿತು. ಒಂದೇ ವೇಗದ ಶಾಫ್ಟಿನಿಂದ ಮುಂದಿನ ಚಕ್ರಗಳು ಬೇಗ, ಹಿಂದಿನವು ನಿಧಾನ: ಮುಂದಿನವು ಕಾರನ್ನು ಎಳೆಯುತ್ತಿದ್ದವು, ಹಿಂದಿನವು ಬ್ರೇಕ್ ಹಾಕಿದಂತೆ ತಡೆಯುತ್ತಿದ್ದವು. ಹ್ಯಾಂಡ್‌ಬ್ರೇಕ್ ನೋಡಿಕೊಳ್ಳುತ್ತಿದ್ದ ಮಾಲೀಕರ ಅನುಮಾನ ಅಕ್ಷರಶಃ ನಿಜವಾಗಿತ್ತು.

ಗೇರ್‌ಬಾಕ್ಸ್ ಬದಲಿಸಿದವರ ಕೆಲಸವನ್ನು ನಾನು ಹೀಗಳೆಯಲಾರೆ. ಕ್ಲಚ್ ಪೆಡಲ್ ಅಚ್ಚುಕಟ್ಟಾಗಿ ಕೂತಿತ್ತು. ಆಟೋಮ್ಯಾಟಿಕ್ ಎಣ್ಣೆ ತಣಿಸಲು ರೇಡಿಯೇಟರಿಗೆ ಹೋಗುತ್ತಿದ್ದ ಕೊಳವೆಗಳನ್ನು ನೀಟಾಗಿ ಮುಚ್ಚಿದ್ದರು. ಆಟೋಮ್ಯಾಟಿಕ್‌ನ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಹೊಂದುವುದಿಲ್ಲವೆಂದು ಮ್ಯಾನುಯಲ್‌ನದನ್ನೇ ತಂದಿದ್ದರು. ಉದ್ದ ತಪ್ಪಾಗಿದ್ದರೆ ಶಾಫ್ಟ್ ಕೂರುತ್ತಲೇ ಇರಲಿಲ್ಲ, ಹಾಗಾಗಿ ಆ ತಪ್ಪು ತಾನಾಗಿಯೇ ಬಯಲಾಗುತ್ತಿತ್ತು. ಅನುಪಾತದ ತಪ್ಪು ಬಾಯಿ ಬಿಡಲಿಲ್ಲ. ನಾಲ್ಕೂ ಬೋಲ್ಟುಗಳು ಹಿಂದಿನ ಫ್ಲ್ಯಾಂಜಿಗೆ ಬೆಣ್ಣೆಯಂತೆ ಇಳಿದವು.

ಏನು ಮಾಡಿದೆವು

ದಾರಿಗಳು ಮೂರಿದ್ದವು. ಗೇರ್‌ಬಾಕ್ಸನ್ನು ಬಿಚ್ಚಿ ಒಳಗೆ 4.44ರ ಕ್ರೌನ್ ಪಿನಿಯನ್ ಹಾಕುವುದು. ಇದು ಹಲ್ಲಿನ ನಡುವಿನ ಸಡಿಲವನ್ನು ಕೂದಲೆಳೆಯಷ್ಟು ನಿಖರವಾಗಿ ಹೊಂದಿಸುವ ಕೆಲಸ, ಅಗತ್ಯವಿಲ್ಲದೆ ಯಾರೂ ಕೈ ಹಾಕಬಾರದು. 4.44ರ ಮ್ಯಾನುಯಲ್ ಗೇರ್‌ಬಾಕ್ಸ್ ಹುಡುಕುವುದು. ಇವು ಇವೆ, ಆದರೆ ಹೆದ್ದಾರಿಯಲ್ಲಿ ಎಂಜಿನ್ ಇನ್ನಷ್ಟು ಕೂಗುತ್ತದೆ. ಮೂರನೆಯದು ಹಿಂದಿನ ಹೌಸಿಂಗನ್ನು 4.11ರದಕ್ಕೆ ಬದಲಿಸುವುದು. ನನ್ನ ಮಟ್ಟಿಗೆ ಆಯ್ಕೆಯೇ ಇರಲಿಲ್ಲ, ಮೂರನೆಯದೇ ಸರಿ.

ನಾಲ್ಕನೆಯ ದಾರಿಯೊಂದನ್ನು ಮಾಲೀಕರಿಗೆ ಯಾರೋ ಹೇಳಿದ್ದರು: ಫ್ಯೂಸ್ ಡಬ್ಬಿಯಲ್ಲಿ ಒಂದು ಫ್ಯೂಸ್ ಸಿಕ್ಕಿಸಿದರೆ ಹಿಂದಿನ ಚಾಲನೆ ನಿಲ್ಲುತ್ತದೆ ಎಂದು. ಅದು ಹಳೆಯ ಆಟೋಮ್ಯಾಟಿಕ್‌ಗಳ ವ್ಯವಸ್ಥೆ. ಅಲ್ಲಿ ಹಿಂದಕ್ಕೆ ಬಲ ಕಳಿಸುವುದು ಎಣ್ಣೆಯ ಒತ್ತಡದ ಕ್ಲಚ್, ಅದನ್ನು ಸೊಲೆನಾಯ್ಡ್ (ವಿದ್ಯುತ್ತಿನಿಂದ ನಡೆಯುವ ಕವಾಟ) ಒಂದು ನಿಯಂತ್ರಿಸುತ್ತದೆ, ಫ್ಯೂಸ್ ಆ ಸೊಲೆನಾಯ್ಡಿಗೆ ಆಜ್ಞೆ ಕೊಡುತ್ತದೆ. ಈ ಕಾರಿನಲ್ಲಿ ಆ ಡಬ್ಬಿ ಇನ್ನೂ ಇತ್ತು, ಸೊಲೆನಾಯ್ಡ್ ಹಳೆಯ ಗೇರ್‌ಬಾಕ್ಸಿನೊಂದಿಗೆ ಎಂದೋ ಹೋಗಿತ್ತು. ಪ್ರೊಪೆಲ್ಲರ್ ಶಾಫ್ಟನ್ನು ಕಳಚಿ ಓಡಿಸುವುದೂ ಪರಿಹಾರವಲ್ಲ. ಕಪ್ಲಿಂಗ್ ಸರಿಯಿದ್ದ ಕಾರಿನಲ್ಲಿ ಹಾಗೆ ಮಾಡಿದರೆ ಎಂಜಿನ್ನಿನ ಬಲವೆಲ್ಲ ಕಪ್ಲಿಂಗಿನ ದ್ರವದ ಮೂಲಕವೇ ಮುಂದಕ್ಕೆ ಹೋಗಬೇಕಾಗುತ್ತದೆ, ಅದು ಬೇಗನೆ ಸುಟ್ಟುಹೋಗುತ್ತದೆ.

4.11 ಎಂದು ಬಿಳಿ ಬಣ್ಣದಲ್ಲಿ ಬರೆದಿದ್ದ ಒಂದು ಆರ್160 ಹೌಸಿಂಗ್ ಮಾಲೀಕರಿಗೆ ಸಿಕ್ಕಿತು. ಅದನ್ನು ಕಾರಿನ ಕೆಳಗೆ ಒಯ್ಯುವ ಮೊದಲೇ ಮೇಜಿನ ಮೇಲಿಟ್ಟು, ಒಂದು ಬದಿಯನ್ನು ಬಿಗಿಹಿಡಿದು, ಇನ್ನೊಂದು ಬದಿಯನ್ನು 18 ಸುತ್ತು ತಿರುಗಿಸಿದೆವು. 35 ದಾಟಿ ಇನ್ನೂ ಒಂದಿಷ್ಟು ಹೋಗಿ ನಿಂತಿತು. 9ನ್ನು 3.9ರಿಂದ ಗುಣಿಸಿದರೆ 35.1. ಬರೆದವರು ಮೋಸ ಮಾಡಿದರೆಂದು ನನಗನಿಸುವುದಿಲ್ಲ, ಯಾವುದೋ ಕಾರಿನಿಂದ ತೆಗೆದು ಯಾವುದೋ ನೆನಪಿನಲ್ಲಿ ಬರೆದಿರುತ್ತಾರೆ. ಅದನ್ನು ಹಾಗೇ ಹಾಕಿದ್ದರೆ ಜಗಳ ಉಲ್ಟಾ ದಿಕ್ಕಿನಲ್ಲಿ ಮತ್ತೆ ಶುರುವಾಗುತ್ತಿತ್ತು. ಎರಡನೆಯ ಹೌಸಿಂಗ್ ಸರಿಯಾಗಿ 37ಕ್ಕೆ ಗೀಟಿನ ಮೇಲೆ ಬಂದು ನಿಂತಿತು. ಆಕ್ಸಲ್ ಸೇರುವ ತುದಿಯನ್ನೂ ಆಗಲೇ ಹೋಲಿಸಿದೆವು. ಕೆಲವು ಹೌಸಿಂಗುಗಳಲ್ಲಿ ತುದಿ ಹೊರಚಾಚಿರುತ್ತದೆ, ಕೆಲವುಗಳಲ್ಲಿ ಆಕ್ಸಲ್ಲೇ ಒಳಗೆ ಹೋಗಿ ಕೂರುತ್ತದೆ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಮುಂದಿನ ಹಿಂದಿನ ಸಂಖ್ಯೆ ಒಂದೇ ಆಗಿರಲಿ ಎಂಬ ಸೂತ್ರ ಐದು ಗೇರಿನ ಈ ಬಾಕ್ಸುಗಳಿಗೆ ಸಾಕು, ಎಲ್ಲದಕ್ಕೂ ಅಲ್ಲ. ಎಸ್‌ಟಿಐ ಎಂಬ ವೇಗದ ಸುಬಾರು ಮಾದರಿಯ ಆರು ಗೇರಿನ ಕೆಲವು ಬಾಕ್ಸುಗಳಲ್ಲಿ ಮುಂದೆ 3.9 ಇದ್ದು, ಹಿಂದಕ್ಕೆ ಹೋಗುವ ದಾರಿಯಲ್ಲಿ 1.1ರ ಇನ್ನೊಂದು ಜೋಡಿ ಗೇರು ಇರುತ್ತದೆ. ಅವುಗಳಿಗೆ ಹಿಂದೆ 3.545 ಬೇಕು, 3.545ನ್ನು 1.1ರಿಂದ ಗುಣಿಸಿದರೆ 3.9. ಅದೇ ಆರು ಗೇರಿನ ಬಾಕ್ಸಿನ ಇನ್ನು ಕೆಲವು ರೂಪಗಳಲ್ಲಿ ಆ ಜೋಡಿ ಒಂದಕ್ಕೊಂದು ಸಮ, ಅವುಗಳಿಗೆ ಹಿಂದೆಯೂ 3.9. ಎರಡನ್ನು ಅದಲು ಬದಲು ಮಾಡಿದರೆ ವ್ಯತ್ಯಾಸ ಶೇಕಡಾ 10.

ಹೌಸಿಂಗ್ ಬದಲಿಸುವ ಕೆಲಸದಲ್ಲಿ ವಿಶೇಷವೇನಿಲ್ಲ, ಭಾರ ಹೆಚ್ಚು, ಜಾಗ ಕಡಿಮೆ. ಎಣ್ಣೆ ಹಾಕುವ ಮುಚ್ಚಳ ಬಿಚ್ಚುತ್ತದೆಯೇ ಎಂದು ಮೊದಲು ನೋಡಿಕೊಂಡೇ ಹಳೆಯ ಎಣ್ಣೆ ಇಳಿಸುವ ಮುಚ್ಚಳಕ್ಕೆ ಕೈ ಹಾಕಬೇಕು. ಎಣ್ಣೆ ಇಳಿಸಿದ ಮೇಲೆ ಮೇಲಿನದು ಬಿಚ್ಚದಿದ್ದರೆ ಕಾರು ನಿಂತಲ್ಲೇ ನಿಲ್ಲುತ್ತದೆ. ಗೇರ್‌ಬಾಕ್ಸಿನ ಬಾಲ ಬಿಚ್ಚಿ ಕಪ್ಲಿಂಗ್ ಸಮೇತ ನಡುವಿನ ಡಿಫರೆನ್ಷಿಯಲ್ಲನ್ನು ಮತ್ತೊಮ್ಮೆ ಬದಲಿಸಿದೆವು. ಹೊರಬಂದ ಕಪ್ಲಿಂಗ್ ಡಬ್ಬಿ ನೇರಳೆ ಬಣ್ಣಕ್ಕೆ ತಿರುಗಿತ್ತು, ಕಬ್ಬಿಣವನ್ನು ಕುಲುಮೆಯಲ್ಲಿಟ್ಟು ತೆಗೆದ ಹಾಗೆ. ಗೇರ್‌ಬಾಕ್ಸಿನಿಂದ ಇಳಿದ ಎಣ್ಣೆ ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು. ಗೇರುಗಳಿಗೂ ಮುಂದಿನ ಕ್ರೌನಿಗೂ ಒಂದೇ ಎಣ್ಣೆಯಾದ್ದರಿಂದ ಜಿಎಲ್-5 ದರ್ಜೆಯ 75ಡಬ್ಲ್ಯು-90 ಹಾಕಿದೆವು, ಗೇರ್‌ಬಾಕ್ಸಿಗೆ 3.5 ಲೀಟರ್, ಹಿಂದಿನ ಹೌಸಿಂಗಿಗೆ 0.8 ಲೀಟರ್. ಟೈರುಗಳು ನಾಲ್ಕೂ ಹೊಸವು, ಒಂದೇ ಕಂಪನಿಯವು. ಹಳೆಯವು ಉಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಗೇರ್‌ಬಾಕ್ಸ್ ಬದಲಾವಣೆಯಿಂದ ಇನ್ನೊಂದು ಸಣ್ಣ ಬಾಕಿ ಉಳಿದಿತ್ತು. ಎಂಜಿನ್ ಕಂಪ್ಯೂಟರಿಗೆ ಇದು ಆಟೋಮ್ಯಾಟಿಕ್ ಕಾರೋ ಮ್ಯಾನುಯಲ್ ಕಾರೋ ಎಂದು ತಿಳಿಸುವ ಒಂದು ತಂತಿ ಇರುತ್ತದೆ. ಅದು ಆಟೋಮ್ಯಾಟಿಕ್ ಎಂದೇ ಹೇಳುತ್ತಿತ್ತು. ವೈರಿಂಗ್ ನಕ್ಷೆ ನೋಡಿ ಸರಿಪಡಿಸಿದ ಮೇಲೆ, ಸಿಗ್ನಲ್ಲಿನಲ್ಲಿ ಕ್ಲಚ್ ಒತ್ತಿ ನಿಲ್ಲಿಸುವಾಗ ಎಂಜಿನ್ ಮುಗ್ಗರಿಸುತ್ತಿದ್ದುದೂ ನಿಂತಿತು.

ಕೆಲಸ ಮುಗಿದ ಸಂಜೆ ಮಾಲೀಕರೇ ಓಡಿಸಿದರು, ನಾನು ಪಕ್ಕದಲ್ಲಿ ಕುಳಿತಿದ್ದೆ. ಅಂಗಳದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಎರಡು ಸುತ್ತು ಹಾಕಿದರು. ಕಾರು ಎಲ್ಲಿಯೂ ತಡೆಯಲಿಲ್ಲ. ಮೂರನೆಯ ಸುತ್ತಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರು. ಕಾರು ತನ್ನ ಪಾಡಿಗೆ ಉರುಳುತ್ತಲೇ ಹೋಯಿತು. ಅಭ್ಯಾಸಬಲದಿಂದ ಅವರ ಕೈ ಹ್ಯಾಂಡ್‌ಬ್ರೇಕಿನ ಕಡೆಗೆ ಹೋಗಿ, ಮುಟ್ಟದೆ ಹಿಂದಿರುಗಿತು. ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿ ಬಂದು ಕೆಳಗೆ ಹೊಕ್ಕು ಗೇರ್‌ಬಾಕ್ಸಿನ ಬಾಲದ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಕೈ ಇಟ್ಟುಕೊಂಡಿರಬಹುದಾದಷ್ಟು ಬೆಚ್ಚಗೆ.

ಹುಡುಗ ಕೇಳದೆಯೇ ಜಾಕ್ ತಂದು ಮುಂದಿನ ಎಡ ಚಕ್ರದ ಕೆಳಗಿಟ್ಟ. ಟೈರು ನೆಲ ಬಿಟ್ಟಿತು. ಚಕ್ರ ಕದಲಲಿಲ್ಲ. ಅವನು ಬಣ್ಣದ ಡಬ್ಬಿ ತೆಗೆದುಕೊಂಡು ಕಾರಿನ ಕೆಳಗೆ ಹೋಗಿ, ಗೇರ್‌ಬಾಕ್ಸಿನ ಪಕ್ಕೆಯ ಮೇಲೆ ಒಮ್ಮೆ, ಹಿಂದಿನ ಹೌಸಿಂಗಿನ ಮೇಲೆ ಒಮ್ಮೆ, ದೊಡ್ಡ ಅಂಕಿಗಳಲ್ಲಿ 37/9 ಎಂದು ಬರೆದು, ಕೆಳಗೆ ಚಿಕ್ಕದಾಗಿ "ಎಣಿಸಿದ್ದು" ಎಂದು ಸೇರಿಸಿದ.